ದಾಯ, ದಾನ ಮತ್ತು ತೆರಿಗೆ

'ದಾಯ', 'ದಾನ' ಎಂಬ ಎರಡು ಶಬ್ದಗಳೂ 'ಕೊಡು' ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದವು. ಹಿರಿಯರಿಂದ ಕಿರಿಯರಿಗೆ ಹಕ್ಕಾಗಿ ಸಲ್ಲುವುದು ದಾಯ. ಹಕ್ಕಿಲ್ಲದವರಿಗೆ ಮನಃಪೂರ್ವಕವಾಗಿ ಸಲ್ಲಿಸುವುದು ದಾನ. 'ತೆರು' ಎಂಬ ಕನ್ನಡ ಧಾತುವಿನಿಂದಾದ 'ತೆರಿಗೆ'ಯಾದರೋ ಸರಕಾರವು ಕೇಳಿ ಪಡೆಯುವ ಪಾಲು. ಮನುಷ್ಯನು ದುಡಿದು ಉಂಡು ಉಳಿಸಿದ ಸಂಪತ್ತು ಅವನ ನಂತರ ಈ ಮೂರು ದಾರಿಗಳಲ್ಲಿ ಯಾವುದಾದರೊಂದನ್ನು ಹಿಡಿಯಲೇಬೇಕು. ಮಕ್ಕಳು, ಸಮಾಜ, ಸರಕಾರ ಇವೇ ಆ ಮೂರು ದಾರಿಗಳು. ಯಾವ ದಾರಿ ಸುಗಮ, ಯಾವುದು ದುರ್ಗಮ ಎಂಬುದನ್ನು ಬಹುಮಟ್ಟಿಗೆ ಕಾನೂನು ನಿರ್ಧರಿಸುತ್ತದೆ. ಕಾನೂನಿನ ಈ ಏರ್ಪಾಡು ಜನರ ದುಡಿಮೆ, ಉಳಿತಾಯ ಹಾಗೂ ಔದಾರ್ಯಗಳ ಮೇಲೆ ಯಾವ ಪರಿಣಾಮವನ್ನು ಮಾಡುತ್ತದೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ದಾನಿಗಳ ಬಲದಿಂದ ನಡೆದು ಬಂದಿರುವ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಇಂಥ ವಿಚಾರವು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಕಲ್ಯಾಣದ ಎರಡು ಕೊಡುಗೆಗಳು

ಈ ವಿಷಯಕ್ಕೂ ನಮ್ಮ ನಾಡಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರ' ಎಂಬ ವ್ಯಾಖ್ಯಾನವು ಬಂಗಾಳವೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದಲ್ಲಿ ಉತ್ತರಾಧಿಕಾರದ ಪ್ರಮಾಣಗ್ರಂಥವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅದರ ತಿರುಳು. ತಂದೆಯು ಆ ಆಸ್ತಿಯ ಪಾಲಕನೇ ಹೊರತು ಏಕಮಾತ್ರ ಒಡೆಯನಲ್ಲ. ಧರ್ಮಕಾರ್ಯಕ್ಕೂ ಅಲ್ಪಭಾಗವನ್ನು ಮಾತ್ರವೇ ಕೊಡಬಲ್ಲನು. ಬಂಗಾಳದಲ್ಲಿ ನಡೆದ 'ದಾಯಭಾಗ' ಪದ್ಧತಿಯಲ್ಲಿ ಹಾಗಿರಲಿಲ್ಲ. ಅಲ್ಲಿ ತಂದೆಯು ಬದುಕಿರುವವರೆಗೆ ಆಸ್ತಿಯ ಪೂರ್ಣ ಒಡೆಯನಾಗಿದ್ದನು.

ವಿಜ್ಞಾನೇಶ್ವರನ ತರುವಾಯ ಅದೇ ಕಲ್ಯಾಣದಲ್ಲಿ, ಅದೇ ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರೂ ಶರಣರೂ ಕಾಯಕ ಮತ್ತು ದಾಸೋಹಗಳ ತತ್ತ್ವವನ್ನು ಸಾರಿದರು. ತಾನೇ ದುಡಿದು ಪಡೆದುದು ಮಾತ್ರ ಶುದ್ಧವೆಂಬುದು ಕಾಯಕದ ಮಾತು. ಪಡೆದುದು ತನ್ನೊಬ್ಬನದಲ್ಲ, ಸಮಾಜದ್ದೆಂಬುದು ದಾಸೋಹದ ಮಾತು. ಒಂದೇ ಪಟ್ಟಣವು ಸಂಪತ್ತಿನ ಬಗ್ಗೆ ಎರಡು ದೃಷ್ಟಿಗಳನ್ನು ನಾಡಿಗೆ ಕೊಟ್ಟಿತು. ಒಂದು ಹುಟ್ಟಿನ ಹಕ್ಕನ್ನು ಕಾಯುತ್ತದೆ. ಇನ್ನೊಂದು ದುಡಿಮೆಯ ಹೊಣೆಯನ್ನು ನೆನಪಿಸುತ್ತದೆ. ಇವೆರಡರ ನಡುವಣ ಎಳೆದಾಟವು ಇಂದಿಗೂ ನಮ್ಮ ಮನೆಮನೆಗಳಲ್ಲಿ ನಡೆದಿದೆ.

ಪಿತ್ರಾರ್ಜಿತವೂ ದುಡಿಮೆಯೂ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆಯು ನಮ್ಮಲ್ಲಿ ಸರ್ವವಿದಿತ. ಇದೇ ಅಭಿಪ್ರಾಯವನ್ನು ಅಮೆರಿಕೆಯ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ 1889ರಲ್ಲಿ ಸಂಪತ್ತಿನ ಕುರಿತು ಬರೆದ ಪ್ರಬಂಧದಲ್ಲಿ ಮಂಡಿಸಿದನು. ಮಕ್ಕಳಿಗೆ ಅಪಾರ ಧನವನ್ನು ಬಿಟ್ಟುಹೋಗುವುದು ಅವರಿಗೆ ಉಪಕಾರವಲ್ಲವೆಂದೂ, ಧನಿಕನು ಬದುಕಿರುವಾಗಲೇ ಸಮಾಜಕ್ಕೆ ಅದನ್ನು ವಿನಿಯೋಗಿಸಬೇಕೆಂದೂ, ಹಾಗೆ ಮಾಡದೆ ಸತ್ತವನ ಆಸ್ತಿಯ ಮೇಲೆ ಭಾರಿ ತೆರಿಗೆ ಹಾಕುವುದು ನ್ಯಾಯವೆಂದೂ ಅವನ ವಾದವಾಗಿತ್ತು.

ಈ ವಾದವನ್ನು ಅರ್ಥಶಾಸ್ತ್ರಜ್ಞರು ಅಂಕಿಸಂಖ್ಯೆಗಳಿಂದ ಪರೀಕ್ಷಿಸಿದ್ದಾರೆ. ಹೋಲ್ಟ್ಸ್-ಈಕಿನ್, ಜೂಲ್ಫಾಯಾನ್ ಮತ್ತು ರೋಸನ್ ಎಂಬ ಮೂವರು ಅಮೆರಿಕೆಯ ತೆರಿಗೆ ದಾಖಲೆಗಳನ್ನು ಶೋಧಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾಗಿದೆ. ಸುಮಾರು 1,50,000 ಡಾಲರು ಪಿತ್ರಾರ್ಜಿತವಾಗಿ ಪಡೆದ ಒಂಟಿ ವ್ಯಕ್ತಿಯು, 25,000 ಡಾಲರಿಗಿಂತ ಕಡಿಮೆ ಪಡೆದವನಿಗೆ ಹೋಲಿಸಿದರೆ, ಉದ್ಯೋಗವನ್ನೇ ತೊರೆಯುವ ಸಂಭವವು ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಅವರು ಕಂಡರು. ಪರಕೀಯ ದೇಶದ ಈ ಅಂಕಿಗಳನ್ನು ನಮ್ಮ ರೈತ ಕುಟುಂಬಗಳಿಗೆ ಹಾಗೆಯೇ ಅನ್ವಯಿಸಲಾಗದು. ನಮ್ಮಲ್ಲಿ ಹಿರಿಯರಿಂದ ಬರುವ ನಾಲ್ಕೆಕರೆ ಹೊಲವು ದುಡಿಮೆಯಿಂದ ಬಿಡುಗಡೆಯಲ್ಲ, ದುಡಿಮೆಗೆ ಸಾಧನ. ಆದರೂ ಮೂಲತತ್ತ್ವವು ಗಮನಾರ್ಹವಾಗಿದೆ. ದಾಯವು ಸಾಧನವಾಗುವಷ್ಟಿದ್ದರೆ ಮನುಷ್ಯನನ್ನು ನಿಲ್ಲಿಸುತ್ತದೆ. ಸಾಧನವನ್ನು ಮೀರಿ ಬೆಳೆದರೆ ಅವನನ್ನು ಕೂರಿಸುತ್ತದೆ.

ಎಸ್ಟೇಟ್ ಡ್ಯೂಟಿ ಕಲಿಸಿದ ಪಾಠ

ಸ್ವಾತಂತ್ರ್ಯಾನಂತರ ಸಂಪತ್ತಿನ ಅಸಮಾನತೆಯನ್ನು ತಗ್ಗಿಸುವ ಉದ್ದೇಶದಿಂದ ಭಾರತ ಸರಕಾರವು ಮೃತರ ಆಸ್ತಿಯ ಮೇಲೆ ತೆರಿಗೆ ವಿಧಿಸುವ ಎಸ್ಟೇಟ್ ಡ್ಯೂಟಿ ಕಾಯಿದೆಯನ್ನು 1953ರ ಅಕ್ಟೋಬರ್ 15ರಿಂದ ಜಾರಿಗೆ ತಂದಿತು. ಚಿಂತಾಮಣರಾವ್ ದೇಶಮುಖರು ಆಗ ಅರ್ಥಸಚಿವರು. 1956ರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡೋರ್ ಸಲ್ಲಿಸಿದ ವರದಿಯ ಮೇರೆಗೆ 1957ರಲ್ಲಿ ಸಂಪತ್ತು ತೆರಿಗೆಯೂ, 1958ರಲ್ಲಿ ದಾನ ತೆರಿಗೆ ಮತ್ತು ವೆಚ್ಚ ತೆರಿಗೆಗಳೂ ಬಂದವು. ದುಡಿದರೆ, ಕೂಡಿಟ್ಟರೆ, ಖರ್ಚು ಮಾಡಿದರೆ, ಕೊಟ್ಟರೆ, ಕೊನೆಗೆ ಸತ್ತರೆ ಎಲ್ಲಕ್ಕೂ ಒಂದೊಂದು ತೆರಿಗೆ ಕಾದಿತ್ತು. ಒಂದರಿಂದ ತಪ್ಪಿಸಿಕೊಂಡವನು ಇನ್ನೊಂದರಲ್ಲಿ ಸಿಕ್ಕಿಬೀಳಬೇಕೆಂಬುದೇ ಈ ಬಲೆಯ ತರ್ಕ. ಕಾಲಾನುಕ್ರಮದಲ್ಲಿ ಎಸ್ಟೇಟ್ ಡ್ಯೂಟಿಯ ಗರಿಷ್ಠ ದರವು, 20 ಲಕ್ಷ ರೂಪಾಯಿಗಳನ್ನು ಮೀರಿದ ಭಾಗಕ್ಕೆ, ಶೇಕಡಾ 85ರಷ್ಟಾಯಿತು. 1973–74ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರವು ಮೇಲ್ತೆರಿಗೆ ಸೇರಿ ಶೇಕಡಾ 97.75ನ್ನು ಮುಟ್ಟಿತ್ತು.

ಇದರ ಪರಿಣಾಮವೇನಾಯಿತು? ಧನಿಕರು ಆಸ್ತಿಯನ್ನು ಬಿಟ್ಟುಕೊಡಲಿಲ್ಲ. ಅದರ ಹೆಸರನ್ನೂ ಕಾಲವನ್ನೂ ಬದಲಿಸಿದರು. ಮರಣಕ್ಕೆ ಮುಂಚಿನ ಎರಡು ವರ್ಷಗಳೊಳಗೆ ಮಾಡಿದ ದಾನವು ಮೃತನ ಆಸ್ತಿಯಲ್ಲಿಯೇ ಸೇರುತ್ತದೆಂದು ಕಾಯಿದೆಯು ವಿಧಿಸಿತ್ತು. ಸಾರ್ವಜನಿಕ ಧರ್ಮಕಾರ್ಯಕ್ಕಾದರೆ ಈ ಅವಧಿಯು ಆರೇ ತಿಂಗಳು. ಆದುದರಿಂದ ಲೆಕ್ಕ ಬಲ್ಲವರು ಆರೋಗ್ಯದಿಂದಿರುವಾಗಲೇ ಮಕ್ಕಳ, ಮೊಮ್ಮಕ್ಕಳ ಹೆಸರಿಗೆ ಸ್ವಲ್ಪಸ್ವಲ್ಪವಾಗಿ ಬರೆದುಕೊಡತೊಡಗಿದರು. ಲೆಕ್ಕ ಅರಿಯದವರು, ಅಥವಾ ಹಠಾತ್ತನೆ ತೀರಿಕೊಂಡವರ ಕುಟುಂಬದವರು ತೆರಿಗೆಯನ್ನು ತೆತ್ತರು. ಕೆಲವರು ಖಾಸಗಿ ಟ್ರಸ್ಟುಗಳನ್ನು ಸ್ಥಾಪಿಸಿದರು. ಮತ್ತೆ ಕೆಲವರು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಒಂದೊಂದು ತುಂಡನ್ನಷ್ಟೇ ಹಂಚಿಕೊಂಡು, ಒಂದೇ ಒಲೆಯಲ್ಲಿ ಅಡಿಗೆ ಬೇಯಿಸುತ್ತಲೇ, ಕಾಗದದ ಮೇಲೆ ಬೇರೆಬೇರೆಯಾದರು. ಇಂಥ ಆಂಶಿಕ ವಿಭಜನೆಗಳು ಎಷ್ಟು ಹೆಚ್ಚಿದವೆಂದರೆ, 1978ರ ಡಿಸೆಂಬರ್ 31ರ ನಂತರ ನಡೆದವುಗಳನ್ನು ಆದಾಯ ತೆರಿಗೆಯ ದೃಷ್ಟಿಯಿಂದ ಮಾನ್ಯ ಮಾಡಲಾಗದೆಂದು ಸಂಸತ್ತು ಕಾನೂನನ್ನೇ ತಿದ್ದಬೇಕಾಯಿತು.

ಕೊನೆಗೆ 1985ರ ಆಯವ್ಯಯವನ್ನು ಮಂಡಿಸುವಾಗ ಅರ್ಥಸಚಿವ ವಿಶ್ವನಾಥ ಪ್ರತಾಪ ಸಿಂಗರು, ಈ ತೆರಿಗೆಯಿಂದ ವರ್ಷಕ್ಕೆ ಬರುವುದು ಸುಮಾರು 20 ಕೋಟಿ ರೂಪಾಯಿಗಳು ಮಾತ್ರವೆಂದೂ, ವಸೂಲಿಯ ವೆಚ್ಚವು ಅದಕ್ಕೆ ಹೋಲಿಸಿದರೆ ಅಧಿಕವೆಂದೂ, ಅಸಮಾನತೆಯನ್ನು ತಗ್ಗಿಸುವ ಉದ್ದೇಶವು ಈಡೇರಲಿಲ್ಲವೆಂದೂ ತಿಳಿಸಿದರು. 1985ರ ಮಾರ್ಚ್ 16ರಿಂದ ಸಂಭವಿಸುವ ಮರಣಗಳಿಗೆ ಎಸ್ಟೇಟ್ ಡ್ಯೂಟಿ ರದ್ದಾಯಿತು. ವೆಚ್ಚ ತೆರಿಗೆಯು 1966ರಲ್ಲಿಯೇ ಹೋಗಿತ್ತು. ದಾನ ತೆರಿಗೆಯು 1998ರ ಅಕ್ಟೋಬರ್ 1ರಿಂದ ಹೋಯಿತು. ಸಂಪತ್ತು ತೆರಿಗೆಯನ್ನು 2015ರ ಆಯವ್ಯಯದಲ್ಲಿ ತೆಗೆಯಲಾಯಿತು.

ತೆರಿಗೆಯ ದಿನಾಂಕವು ಜನರನ್ನು ಎಷ್ಟರಮಟ್ಟಿಗೆ ಆಳಬಲ್ಲುದೆಂಬುದಕ್ಕೆ ಆಸ್ಟ್ರೇಲಿಯಾದ ಉದಾಹರಣೆಯೊಂದುಂಟು. ಅಲ್ಲಿ ಕೇಂದ್ರ ಸರಕಾರದ ಮರಣ ತೆರಿಗೆಯು 1979ರ ಜುಲೈ 1ರಂದು ರದ್ದಾಯಿತು. ಗಾನ್ಸ್ ಮತ್ತು ಲೀ ಎಂಬ ಅರ್ಥಶಾಸ್ತ್ರಜ್ಞರು ದಾಖಲೆಗಳನ್ನು ಪರಿಶೀಲಿಸಿದಾಗ, ಜೂನ್ ಕೊನೆಯ ವಾರದಲ್ಲಿ ದಾಖಲಾಗಬೇಕಾಗಿದ್ದ ಸುಮಾರು 50 ಮರಣಗಳು ಜುಲೈ ಮೊದಲ ವಾರಕ್ಕೆ ಸರಿದಂತೆ ಕಂಡಿತು. ಸಾವಿನ ದಾಖಲೆಯೇ ತೆರಿಗೆಗೆ ಮಣಿಯುವಾಗ ದಾನಪತ್ರದ ದಿನಾಂಕವು ಮಣಿಯುವುದರಲ್ಲಿ ಆಶ್ಚರ್ಯವೇನು? ಈ ಮೂರು ದಶಕಗಳ ಅನುಭವದಿಂದ ಒಂದು ಪಾಠವು ಸ್ಪಷ್ಟವಾಗುತ್ತದೆ. ತೆರಿಗೆಯು ಸಂಪತ್ತು ಕೈಬದಲಾಗುವ ಕಾಲವನ್ನು, ರೂಪವನ್ನು, ಹೆಸರನ್ನು ಸುಲಭವಾಗಿ ಬದಲಿಸುತ್ತದೆ; ಕೊಡುವ ಮನಸ್ಸನ್ನು ಮಾತ್ರ ಅಷ್ಟು ಸುಲಭವಾಗಿ ಹುಟ್ಟಿಸಲಾರದು.

ಹೆಣ್ಣುಮಕ್ಕಳ ಪಾಲು

ತೆರಿಗೆಗೆ ಸಂಬಂಧಿಸಿದ ಈ ಮಾತು ಉತ್ತರಾಧಿಕಾರದ ಕಾನೂನಿಗೂ ಸಲ್ಲುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಾನು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಎತ್ತಿ ಹೇಳಿದೆ. ಈ ಕಾಯಿದೆಯಿಂದ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ದೊರೆಯಿತಾದರೂ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಈ ಕೊರತೆಯನ್ನು ಕರ್ನಾಟಕವು ಕೇಂದ್ರಕ್ಕಿಂತ ಮುಂಚಿತವಾಗಿಯೇ ನೀಗಿಸಿತು. 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕನ್ನು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರ ತಿದ್ದುಪಡಿಯು ವಿವಾಹಿತ, ಅವಿವಾಹಿತರೆಂಬ ಭೇದವಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ಆ ದಿನದಂದು ತಂದೆಯು ಬದುಕಿರಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ವಿಜ್ಞಾನೇಶ್ವರನ ಸೂತ್ರವು ಹೀಗೆ ಒಂಬೈನೂರು ವರ್ಷಗಳ ತರುವಾಯ ಮಗಳನ್ನೂ ಒಳಗೊಂಡಿತು.

ಪರಿಣಾಮಗಳು ಮಿಶ್ರವಾಗಿವೆ. ಡೈನಿಂಗರ್ ಮತ್ತು ಸಂಗಡಿಗರು ಕರ್ನಾಟಕ ಹಾಗೂ ಮಹಾರಾಷ್ಟ್ರಗಳ ಗ್ರಾಮೀಣ ಕುಟುಂಬಗಳನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1994ರ ತಿದ್ದುಪಡಿಗಳಿಂದ ಹೆಣ್ಣುಮಕ್ಕಳು ಭೂಮಿಯನ್ನು ಪಡೆಯುವ ಸಂಭವವು ಹೆಚ್ಚಿತು. ಅವರ ಮದುವೆಯ ವಯಸ್ಸೂ ವಿದ್ಯಾಭ್ಯಾಸವೂ ಹೆಚ್ಚಿದವು. ಆದರೆ ಪುತ್ರ-ಪುತ್ರಿಯರ ನಡುವಣ ಅಂತರವು ಪೂರ್ತಿಯಾಗಿ ಅಳಿಯಲಿಲ್ಲ. 2015ರಲ್ಲಿ ಸಂಚಾರಿ ರಾಯ್ ಅವರು ಪ್ರಕಟಿಸಿದ ಅಧ್ಯಯನವು ಇದರ ಕಾರಣದ ಮೇಲೆ ಬೆಳಕು ಚೆಲ್ಲುತ್ತದೆ. ಉತ್ತರಾಧಿಕಾರದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದೊಡನೆ ಅನೇಕ ತಂದೆಯರು ಜೀವಿತಕಾಲದಲ್ಲಿಯೇ ಭೂಮಿಯನ್ನು ಗಂಡುಮಕ್ಕಳಿಗೆ ದಾನವಾಗಿ ಕೊಟ್ಟರು. ಅದಕ್ಕೆ ಬದಲಾಗಿ ಹೆಣ್ಣುಮಕ್ಕಳಿಗೆ, ಅವರ ವಯಸ್ಸಿಗನುಸಾರವಾಗಿ, ವಿದ್ಯಾಭ್ಯಾಸವನ್ನೋ ಹೆಚ್ಚಿನ ವರದಕ್ಷಿಣೆಯನ್ನೋ ಕೊಟ್ಟರು. ದಾಯದ ಕಾನೂನನ್ನು ದಾನದ ಕಾನೂನಿನಿಂದ ದಾಟಿದಂತಾಯಿತು.

ತವರಿನ ನಂಟು ಕಡಿಯದಿರಲೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಕೊಡುವ ಅಕ್ಕತಂಗಿಯರನ್ನು ನಾವೆಲ್ಲರೂ ಕಂಡವರೇ. ಅರಿಸಿನ-ಕುಂಕುಮದೊಡನೆ ಕಾಗದವನ್ನೂ ಮುಂದಿಟ್ಟರೆ ಸಹಿ ಮಾಡದಿರುವುದು ಸುಲಭವಲ್ಲ. ಅಂಥ ಸಹಿಯು ಕಾನೂನಿನ ಭಾಷೆಯಲ್ಲಿ ಸ್ವಇಚ್ಛೆಯಾಗಿರಬಹುದು. ಅದು ದಾನವೇ ಎಂಬುದನ್ನು ಪಡೆದವನೇ ವಿಚಾರಿಸಬೇಕು.

ದಾನಿಗೆ ದೊರೆಯುವ ರಿಯಾಯಿತಿ

ಇನ್ನು ವಿದ್ಯಾಸಂಸ್ಥೆಗಳಿಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರೋಣ. ದಾನ ತೆರಿಗೆಯು 1998ರಲ್ಲಿ ಹೋದ ಮೇಲೆ ಕೆಲಕಾಲ ಕೊಟ್ಟವನಿಗೂ ತೆರಿಗೆಯಿರಲಿಲ್ಲ, ಪಡೆದವನಿಗೂ ಇರಲಿಲ್ಲ. 2004ರಿಂದ ಸರಕಾರವು ತೆರಿಗೆಯ ಹೊರೆಯನ್ನು ಪಡೆದವನ ಮೇಲೆ ಹೊರಿಸಿತು. ಈಗಿರುವಂತೆ, ಸಂಬಂಧಿಗಳಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಳನ್ನು ಮೀರಿ ಪಡೆದ ಹಣವು ಪಡೆದವನ ಆದಾಯವೆನಿಸುತ್ತದೆ. ಹತ್ತಿರದ ಸಂಬಂಧಿಗಳಿಂದ ಬಂದುದಕ್ಕೂ, ಮದುವೆಯ ಉಡುಗೊರೆಗೂ, ಮೃತ್ಯುಪತ್ರದಿಂದಲೋ ಉತ್ತರಾಧಿಕಾರದಿಂದಲೋ ಬಂದುದಕ್ಕೂ ಈ ತೆರಿಗೆಯಿಲ್ಲ. ಎಂದರೆ, ಇಂದು ನಮ್ಮ ದೇಶದಲ್ಲಿ ಮಕ್ಕಳಿಗೆ ಬಿಟ್ಟುಹೋಗುವ ಸಂಪತ್ತು ಎಷ್ಟೇ ದೊಡ್ಡದಾಗಿದ್ದರೂ ಅದು ಕೈಬದಲಾಗುವಾಗ ಆದಾಯ ತೆರಿಗೆಯಾಗಲಿ ಮರಣ ತೆರಿಗೆಯಾಗಲಿ ಇಲ್ಲ.

ಸಾರ್ವಜನಿಕ ಸಂಸ್ಥೆಗೆ ಕೊಡುವ ದಾನಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿಯುಂಟು. ಮಾನ್ಯತೆ ಪಡೆದ ಸಾಮಾನ್ಯ ಸಂಸ್ಥೆಗೆ ಕೊಟ್ಟ ಹಣದ ಅರ್ಧಭಾಗವನ್ನು, ಆದಾಯದ ಶೇಕಡಾ 10ರ ಮಿತಿಗೊಳಪಟ್ಟು, ಆದಾಯದಿಂದ ಕಳೆಯಲಾಗುತ್ತದೆ. ಶೇಕಡಾ 30ರ ದರದಲ್ಲಿ ತೆರಿಗೆ ತೆರುವವನೊಬ್ಬನು 1,00,000 ರೂಪಾಯಿ ದೇಣಿಗೆ ಕೊಟ್ಟನೆನ್ನೋಣ. ಅವನ ಆದಾಯದಲ್ಲಿ 50,000 ಕಳೆದು, ಮೇಲ್ತೆರಿಗೆಗಳನ್ನು ಬಿಟ್ಟರೆ, 15,000 ರೂಪಾಯಿ ತೆರಿಗೆ ಉಳಿಯುತ್ತದೆ. ಮಿಕ್ಕ 85,000 ಅವನ ಸ್ವಂತ ತ್ಯಾಗವೇ ಸರಿ. 2017ರಿಂದ 2,000 ರೂಪಾಯಿಗೆ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ಈ ರಿಯಾಯಿತಿಯೂ ಇಲ್ಲ. 2020ರಲ್ಲಿ ಬಂದು 2023–24ರಿಂದ ಸಹಜ ಆಯ್ಕೆಯಾಗಿರುವ ಹೊಸ ತೆರಿಗೆ ಪದ್ಧತಿಯಲ್ಲಿಯಂತೂ, ದರಗಳು ಕಡಿಮೆಯಿದ್ದರೂ, ಇಂಥ ದೇಣಿಗೆಗೆ ಯಾವ ರಿಯಾಯಿತಿಯೂ ಇಲ್ಲ.

ಇದರಿಂದ ದೇಣಿಗೆಗಳು ಬತ್ತಿಹೋಗುವುವೆಂದು ಆತಂಕಪಡುವವರುಂಟು. ರಸೀದಿಗಾಗಿಯೇ ಮಾರ್ಚ್ ತಿಂಗಳಲ್ಲಿ ಬರುತ್ತಿದ್ದ ದೇಣಿಗೆ ಕಡಿಮೆಯಾಗಬಹುದು, ನಿಜ. ಆದರೆ ನಮ್ಮ ವಿದ್ಯಾಸಂಸ್ಥೆಗಳು ಹುಟ್ಟಿದ ಕಾಲವನ್ನು ಸ್ಮರಿಸಬೇಕು. ದತ್ತಕರಾಗಿ ಶಿರಸಂಗಿ ದೇಸಗತಿಗೆ ಬಂದ ತ್ಯಾಗವೀರ ಲಿಂಗರಾಜ ದೇಸಾಯಿಯವರು ತಮ್ಮ ಸಮಸ್ತ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದ ಮೂಲಕ ಬಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಆಗ ಎಸ್ಟೇಟ್ ಡ್ಯೂಟಿಯ ಭಯವೂ ಇರಲಿಲ್ಲ, ದಾನಕ್ಕೆ ತೆರಿಗೆಯ ರಿಯಾಯಿತಿಯೂ ಇರಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸಂಸ್ಥೆಯನ್ನು ಆರಂಭಿಸಿದ ಏಳು ಮಂದಿ ತರುಣ ಶಿಕ್ಷಕರು ಕೊಡಲು ಆಸ್ತಿಯಿಲ್ಲದವರು. ತಮ್ಮ ಆಯುಷ್ಯದ ದುಡಿಮೆಯನ್ನೇ ಕೊಟ್ಟರು. ಆ ಸಂಸ್ಥೆಯು 1933ರಲ್ಲಿ ಸ್ಥಾಪಿಸಿದ ಕಾಲೇಜು ಲಿಂಗರಾಜರ ಹೆಸರನ್ನೇ ಹೊತ್ತಿದೆ. ದಾಯವಾಗಿ ಬಂದುದನ್ನು ದಾನವಾಗಿ ಮಾರ್ಪಡಿಸಿದವರ ಹೆಸರೂ, ಕಾಯಕವನ್ನೇ ದಾಸೋಹವಾಗಿಸಿದವರ ಶ್ರಮವೂ ಅಲ್ಲಿ ಕೂಡಿವೆ.

ದಾನದ ಕ್ರಮ

ಹಾಗಾದರೆ ಇಂದಿನ ದಾನಿಯು ಹೇಗೆ ನಡೆಯಬೇಕು? ಮೊದಲನೆಯದಾಗಿ, ದಾನಕ್ಕೆ ಮುಂಚೆ ನ್ಯಾಯ. ತನ್ನದಲ್ಲದುದನ್ನು ಕೊಡುವುದು ದಾನವಲ್ಲ. ಪಿತ್ರಾರ್ಜಿತದಲ್ಲಿ ಮಗಳ ಪಾಲು ಮಗಳದೇ. 1956ರ ಕಾಯಿದೆಯು ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನು ಮೃತ್ಯುಪತ್ರದಿಂದ ಕೊಡುವ ಅಧಿಕಾರವನ್ನು ವ್ಯಕ್ತಿಗೆ ನೀಡಿದೆ. ತನ್ನ ಪಾಲನ್ನು ಮಾತ್ರ. ಮಗಳ ಸಹಿಯನ್ನು ಸಂಕೋಚದಿಂದ ಪಡೆದು, ಆ ಹೊಲವನ್ನು ಮಾರಿ, ಶಾಲೆಯ ಗೋಡೆಗೆ ಹೆಸರಿನ ಕಲ್ಲು ಹಾಕಿಸಿದರೆ ಆ ಕಟ್ಟಡದಲ್ಲಿ ಕಲಿಯುವ ಹೆಣ್ಣುಮಕ್ಕಳಿಗೆ ನಾವು ಯಾವ ಪಾಠವನ್ನು ಹೇಳಿಕೊಡಬೇಕು? ದೇಣಿಗೆಯನ್ನು ಸ್ವೀಕರಿಸುವ ಸಂಸ್ಥೆಯೂ ಈ ಪ್ರಶ್ನೆಯನ್ನು ಕೇಳಬೇಕಾದುದು ಧರ್ಮ.

ಎರಡನೆಯದಾಗಿ, ಕೊಡುವವನು ತನ್ನ ಮುಪ್ಪನ್ನು ಮರೆಯಬಾರದು. ಎಲ್ಲವನ್ನೂ ಮಕ್ಕಳಿಗೆ ಬರೆದುಕೊಟ್ಟು ನಂತರ ಅನಾದರಕ್ಕೊಳಗಾದ ತಂದೆತಾಯಿಗಳ ಸಂಖ್ಯೆ ಹೆಚ್ಚಿದುದರಿಂದಲೇ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಒಂದು ರಕ್ಷಣೆಯನ್ನು ಸೇರಿಸಿತು. ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಹಿರಿಯರು ಕೊಟ್ಟ ಆಸ್ತಿಯನ್ನು, ಪಡೆದವನು ಷರತ್ತನ್ನು ಮುರಿದರೆ, ಹಿಂದಕ್ಕೆ ಪಡೆಯಲು ಅವಕಾಶವುಂಟು. ದಾನಪತ್ರವು ನೋಂದಣಿಯಾದೊಡನೆ ಸಾಮಾನ್ಯವಾಗಿ ಬದಲಿಸಲಾಗದ್ದು. ಮೃತ್ಯುಪತ್ರವನ್ನು ಕೊನೆಯವರೆಗೂ ಬದಲಿಸಬಹುದು. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಮುದ್ರಾಂಕ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಲೇಸು. ಈ ಭೇದವನ್ನು ಅರಿತು ಜೀವನಕ್ಕೆ ಬೇಕಾದುದನ್ನು ಉಳಿಸಿಕೊಂಡು ಕೊಡುವುದು ವಿವೇಕವೇ ಹೊರತು ಲೋಭವಲ್ಲ.

ಮೂರನೆಯದಾಗಿ, ಕೊಟ್ಟುದು ಬಾಳುವಂತೆ ಕೊಡಬೇಕು. ಹಿಂದೊಮ್ಮೆ 1,000 ರೂಪಾಯಿಗಳ ದತ್ತಿಯಿಟ್ಟು, ಶೇಕಡಾ 6ರಂತೆ ಬರುವ 60 ರೂಪಾಯಿ ಬಡ್ಡಿಯಲ್ಲಿ ಪ್ರಥಮ ಸ್ಥಾನ ಪಡೆದ ವಿದ್ಯಾರ್ಥಿಗೆ ಬಹುಮಾನ ಕೊಡಬೇಕೆಂದು ಬರೆದವರನ್ನು ಎಣಿಸಿಕೊಳ್ಳಿರಿ. ಅಂದು ಆ ಹಣಕ್ಕೆ ಪುಸ್ತಕಗಳ ಕಟ್ಟೇ ಬರುತ್ತಿತ್ತು. ಇಂದು ಒಂದು ಒಳ್ಳೆಯ ನಿಘಂಟೂ ಬಾರದು. ಬೆಲೆಯೇರಿಕೆಯು ಯಾವ ಕಾಯಿದೆಯಲ್ಲಿಯೂ ಬರೆಯದ ತೆರಿಗೆ. ಬಡ್ಡಿಯ ಒಂದು ಭಾಗವನ್ನು ಪ್ರತಿವರ್ಷ ಮೂಲಧನಕ್ಕೆ ಸೇರಿಸಬೇಕೆಂದು ದತ್ತಿಪತ್ರದಲ್ಲಿಯೇ ನಮೂದಿಸಿದರೆ ದತ್ತಿಯು ಕ್ಷೀಣಿಸದು. ದೇಣಿಗೆಯು ಶಾಶ್ವತ ಮೂಲನಿಧಿಗೆ ಸೇರಬೇಕಾದುದೇ, ವರ್ಷದ ಖರ್ಚಿಗೆ ಸಲ್ಲಬೇಕಾದುದೇ ಎಂಬುದನ್ನೂ ಲಿಖಿತವಾಗಿ ತಿಳಿಸುವುದು ಅಗತ್ಯ. ತೆರಿಗೆಯ ಕಾನೂನು ಇವೆರಡನ್ನು ಬೇರೆಬೇರೆಯಾಗಿ ನೋಡುತ್ತದೆ. ಹಳೆಯ ವಿದ್ಯಾರ್ಥಿಗಳು ವರ್ಷವರ್ಷವೂ ತಪ್ಪದೆ ಕೊಡುವ ಅಲ್ಪಮೊತ್ತವು ಸಂಸ್ಥೆಗೆ ಒಮ್ಮೆ ಬರುವ ದೊಡ್ಡ ಮೊತ್ತದಷ್ಟೇ ಬೆಲೆಯುಳ್ಳದ್ದು. ಏಕೆಂದರೆ ಅದು ಆಯವ್ಯಯದ ಬದಲಾವಣೆಗಳಿಗೆ ಅಷ್ಟಾಗಿ ಅಂಜುವುದಿಲ್ಲ.

ಕಾನೂನುಗಳು ಬರುತ್ತವೆ, ಹೋಗುತ್ತವೆ. ಮರಣ ತೆರಿಗೆಯು ಮತ್ತೆ ಬರಬೇಕೆಂಬ ಚರ್ಚೆಯೂ ದೇಶದಲ್ಲಿ ಆಗಾಗ ಏಳುತ್ತಿರುತ್ತದೆ. ಬಂದರೂ ಬಾರದಿದ್ದರೂ, ಸಂಪತ್ತನ್ನು ಹೇಗೆ ದಾಟಿಸಬೇಕೆಂಬ ಲೆಕ್ಕವನ್ನಷ್ಟೇ ಅದು ಬದಲಿಸೀತು. ಯಾರಿಗೆ, ಏತಕ್ಕೆ ಕೊಡಬೇಕೆಂಬುದನ್ನು ನಿರ್ಧರಿಸುವ ಹೊಣೆಯು ನಮ್ಮದೇ. ಮಕ್ಕಳಿಗೆ ಸಾಧನವಾಗುವಷ್ಟನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಕೊಟ್ಟು, ಸರಕಾರಕ್ಕೆ ಸಲ್ಲಬೇಕಾದುದನ್ನು ಮುಚ್ಚುಮರೆಯಿಲ್ಲದೆ ತೆತ್ತು, ಉಳಿದುದರಲ್ಲಿ ಪರರ ಮಕ್ಕಳಿಗೂ ಒಂದು ಪಾಲನ್ನು ತೆಗೆದಿರಿಸುವವನು ದಾಯ, ತೆರಿಗೆ, ದಾನ ಈ ಮೂರು ಋಣಗಳನ್ನೂ ತೀರಿಸಿದವನಾಗುತ್ತಾನೆ. ಅಂಥವರ ಸಂತತಿಯು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬೆಳೆಯಲೆಂದು ಹಾರೈಸುತ್ತೇನೆ.